ನಗರ, ಸಮುದಾಯ ಮತ್ತು ಸಂಶೋಧನೆ: ಒಂದು ಕಮ್ಮಟದ ಅಗತ್ಯ

ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗ ಆರಂಭವಾದದ್ದು 1919ರಲ್ಲಿ. ಅದರ ಮೊದಲ ಮುಖ್ಯಸ್ಥರಾದ ಪ್ಯಾಟ್ರಿಕ್ ಗೆಡ್ಡಿಸ್ ನಗರಯೋಜನೆಯ ಪಂಡಿತರು. ಯೋಜನೆಗಿಂತ ಮೊದಲು ಸಮೀಕ್ಷೆ ನಡೆಯಬೇಕು, ನಗರವನ್ನು ಅದರ ಬೀದಿಗಳಲ್ಲಿ ನಡೆದೇ ಅರಿಯಬೇಕು ಎಂಬುದು ಅವರ ನಿಲುವು. 1924ರಲ್ಲಿ ಅವರ ಸ್ಥಾನಕ್ಕೆ ಜಿ.ಎಸ್. ಘುರ್ಯೆ ಬಂದರು. ಘುರ್ಯೆಯವರ ಬಳಿ ಕಲಿಯಲು ಮೈಸೂರಿನಿಂದ ಬಂದ ಎಂ.ಎನ್. ಶ್ರೀನಿವಾಸರು ಎಂ.ಎ. ಪದವಿಗಾಗಿ ಸಿದ್ಧಪಡಿಸಿದ ಪ್ರಬಂಧವೇ 1942ರಲ್ಲಿ ಮೈಸೂರಿನ ವಿವಾಹ ಹಾಗೂ ಕುಟುಂಬ ಪದ್ಧತಿಯನ್ನು ಕುರಿತ ಗ್ರಂಥವಾಗಿ ಹೊರಬಂದಿತು. ಕನ್ನಡ ನಾಡಿನ ಸಮುದಾಯಗಳ ಆಧುನಿಕ ಅಧ್ಯಯನದ ಒಂದು ಮುಖ್ಯ ಎಳೆ ಹೀಗೆ ಮುಂಬಯಿಯಲ್ಲಿ ಮೊದಲಾಯಿತು. ಆದರೆ ಶ್ರೀನಿವಾಸರ ನೋಟ ಮೈಸೂರು, ಕೊಡಗುಗಳತ್ತ ಹರಿಯಿತೇ ಹೊರತು ಮುಂಬಯಿಯಲ್ಲೇ ನೆಲೆಸಿದ್ದ ಕನ್ನಡಿಗರ ಮೇಲೆ ನಿಲ್ಲಲಿಲ್ಲ.

ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದವರು ಸಾಹಿತಿಗಳು. ವ್ಯಾಸರಾಯ ಬಲ್ಲಾಳರ ಕಾದಂಬರಿಗಳು, 1979ರಲ್ಲಿ ಪ್ರಕಟವಾದ ಯಶವಂತ ಚಿತ್ತಾಲರ 'ಶಿಕಾರಿ', ಜಯಂತ ಕಾಯ್ಕಿಣಿಯವರ ಕಥೆಗಳು ಮುಂಬಯಿಯ ಬದುಕನ್ನು ಕನ್ನಡಕ್ಕೆ ತಂದವು. ಕನ್ನಡ ವಿಭಾಗಗಳ ಸಂಶೋಧನೆಯೂ ಸಹಜವಾಗಿಯೇ ಈ ಕೃತಿಗಳ ಮೂಲಕ ನಗರವನ್ನು ಕಂಡಿತು. ಇದರ ಫಲವಾಗಿ ಒಂದು ವಿಚಿತ್ರ ಸನ್ನಿವೇಶ ಉಂಟಾಗಿದೆ. ಸಾಹಿತ್ಯ ಬಲ್ಲ ಸಂಶೋಧಕನಿಗೆ ಜನಗಣತಿಯ ಕೋಷ್ಟಕ ಅಪರಿಚಿತ. ಕೋಷ್ಟಕ ಬಲ್ಲ ಸಂಶೋಧಕನಿಗೆ ಚಾಳಿನ ಕನ್ನಡ, ತುಳು, ಕೊಂಕಣಿಗಳು ಅಪರಿಚಿತ. ಇಬ್ಬರೂ ಒಂದೇ ಆವರಣದಲ್ಲಿದ್ದು, ಒಂದೇ ಗ್ರಂಥಾಲಯದಲ್ಲಿ ಓದಿ, ಪರಸ್ಪರರ ವಿಷಯವೇನೆಂದು ತಿಳಿಯದೆಯೇ ಪದವಿ ಪಡೆದು ಹೊರಡುವುದುಂಟು.

ಇವರನ್ನು ಒಂದೆಡೆ ಕೂಡಿಸುವ ಕಮ್ಮಟವೊಂದು ಹೊರನಾಡಿನ ಕನ್ನಡ ವಿಭಾಗಗಳಲ್ಲಿ ನಿಯತವಾಗಿ ನಡೆಯಬೇಕಾಗಿದೆ. ಇದು ವಿಚಾರ ಸಂಕಿರಣವಲ್ಲ. ಸಂಕಿರಣದಲ್ಲಿ ಮಂಡನೆಯಾಗುವುದು ಮುಗಿದ ಪ್ರಬಂಧ. ಅದಕ್ಕೆ ಸಿಗುವುದು ಚಪ್ಪಾಳೆ, ಪ್ರಮಾಣಪತ್ರ. ಕಮ್ಮಟಕ್ಕೆ ಬರಬೇಕಾದುದು ಮುಗಿಯದ ಕೆಲಸ: ಅರ್ಧ ಬರೆದ ಅಧ್ಯಾಯ, ಸಂದರ್ಶನದ ಕಚ್ಚಾ ಪ್ರತಿ, ಕೈಯಲ್ಲಿ ಬರೆದ ಕೇರಿಯ ನಕ್ಷೆ. ಬರಹ ವಾರ ಮೊದಲೇ ಎಲ್ಲರ ಕೈ ಸೇರಿರಬೇಕು. ಮಂಡನೆಗೆ ಇಪ್ಪತ್ತು ನಿಮಿಷ, ಚರ್ಚೆಗೆ ಒಂದು ಗಂಟೆ ಮೀಸಲಿರಬೇಕು. ಮೊದಲ ಪ್ರಶ್ನೆ ಬೇರೊಂದು ವಿಭಾಗದ ವಿದ್ಯಾರ್ಥಿಯದಾಗಿರಬೇಕು.

ಉದಾಹರಣೆಗೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳನ್ನು ತೆಗೆದುಕೊಳ್ಳಬಹುದು. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದ ಹುಡುಗರು ರಾತ್ರಿ ಅಕ್ಷರ ಕಲಿತ ತಾಣಗಳಿವು. ಸಾಹಿತ್ಯದ ವಿದ್ಯಾರ್ಥಿ ಅವುಗಳಲ್ಲಿ ಲೇಖಕರ ಬಾಲ್ಯವನ್ನು ಕಾಣುತ್ತಾನೆ. ಇತಿಹಾಸದವನು ಹಳೆಯ ಹಾಜರಿ ಪುಸ್ತಕ ಎಲ್ಲಿದೆಯೆಂದು ಕೇಳುತ್ತಾನೆ. ಹುಡುಗರು ಯಾವ ತಾಲೂಕಿನವರು, ಯಾವ ಜಾತಿಯವರು, ಶಾಲೆಯ ಖರ್ಚು ಕೊಟ್ಟವರು ಯಾರು ಎಂಬುದು ಸಮಾಜಶಾಸ್ತ್ರದವಳ ಪ್ರಶ್ನೆ. ಆಗ ಹೆಣ್ಣುಮಕ್ಕಳು ಎಲ್ಲಿದ್ದರು ಎಂದು ಇನ್ನೊಬ್ಬಳು ಕೇಳಿದರೆ ಇಡೀ ಅಧ್ಯಾಯವೇ ಹೊಸದಾಗಿ ಬರೆಯಬೇಕಾದೀತು. ಮೌಖಿಕ ಪರೀಕ್ಷೆಯ ದಿನ ಈ ಪ್ರಶ್ನೆ ಬಂದರೆ ಅದು ಆಕ್ಷೇಪಣೆ. ಎರಡು ವರ್ಷ ಮೊದಲು ಬಂದರೆ ಅದೇ ಮಾರ್ಗದರ್ಶನ.

ಕನ್ನಡದ ವಿದ್ಯಾರ್ಥಿ ಇಂಥ ಕೂಟಕ್ಕೆ ಬರಿಗೈಯಲ್ಲಿ ಹೋಗುವವನಲ್ಲ. ನಾಲ್ಕು ದಶಕ ಮುಂಬಯಿಯಲ್ಲಿ ಬಾಳಿದ ಹಿರಿಯರೂ 'ಊರಿಗೆ ಹೋಗುತ್ತೇವೆ' ಎಂದರೆ ಉಡುಪಿಗೋ ಕುಂದಾಪುರಕ್ಕೋ ಅಂಕೋಲೆಗೋ ಹೊರಟಿರುತ್ತಾರೆ. ಮನೆ, ಮಕ್ಕಳು, ಮತದಾನ ಎಲ್ಲವೂ ಇಲ್ಲಿದ್ದರೂ ಇದು 'ಊರು' ಅಲ್ಲ. ವಲಸೆ ಎಂಬ ಶಾಸ್ತ್ರೀಯ ಪದ ಈ ಭಾವವನ್ನು ಹಿಡಿಯಲಾರದು. ಖೋಲಿ, ಚಾಳು, ಖಾನಾವಳಿ, ಗಲ್ಲಾ ಮೊದಲಾದ ಮಾತುಗಳೂ ಹಾಗೆಯೇ. ಒಂದೊಂದರ ಹಿಂದೆಯೂ ಒಂದೊಂದು ಬಾಳಿನ ಕ್ರಮವಿದೆ. ನಗರಾಧ್ಯಯನಕ್ಕೆ ಕನ್ನಡ ಕೊಡಬಲ್ಲ ಕಾಣಿಕೆ ಇದು.

ಈ ವಾದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಮುಗಿಯದ ಕೆಲಸವನ್ನು ತೋರಿಸಿದರೆ ಸಾಮಗ್ರಿ ಕಳವಾದೀತೆಂಬ ಭಯ ಮೊದಲನೆಯದು. ವಾಸ್ತವವಾಗಿ ಹತ್ತು ಜನರ ಮುಂದೆ ದಿನಾಂಕ ಸಹಿತ ಮಂಡಿಸಿದ ವಿಷಯವೇ ಹೆಚ್ಚು ಸುರಕ್ಷಿತ. ಎರಡನೆಯ ಆತಂಕ ಇದಕ್ಕಿಂತ ಗಂಭೀರವಾದುದು. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್ ಮೊದಲಾದ ಸಂಸ್ಥೆಗಳಿಂದ ಮುಂಬಯಿ ಕನ್ನಡಿಗರಿಗೆ ಆದ ಉಪಕಾರ ದೊಡ್ಡದು. ಅಂಥ ಸಮುದಾಯಗಳನ್ನು ಅಭ್ಯಸಿಸುವವನು ಅವರ ಆತಿಥ್ಯವನ್ನುಂಡು ಅವರ ಕುಂದನ್ನು ಬರೆಯುವುದು ಹೇಗೆ? ಈ ಸಂಕೋಚದಿಂದಲೇ ಸಮುದಾಯ ಅಧ್ಯಯನ ಸಮುದಾಯ ಪ್ರಶಂಸೆಯಾಗಿ ಬಿಡುವುದುಂಟು. ಒಬ್ಬಂಟಿ ಸಂಶೋಧಕ ಈ ಒತ್ತಡಕ್ಕೆ ಮಣಿಯುತ್ತಾನೆ. ಕೆಲಸದ ಮೊದಲ ಹಂತದಲ್ಲೇ ಓರಗೆಯವರ ಪ್ರಶ್ನೆಗಳನ್ನು ಎದುರಿಸಿದವನಿಗೆ ಮಣಿಯದೆ ನಿಲ್ಲುವ ಬಲ ಬಂದೀತು.

ಇಂದು ಈ ಅಗತ್ಯ ಇನ್ನಷ್ಟು ಹೆಚ್ಚಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯಿಂದ ಎಂ.ಫಿಲ್. ಪದವಿ ರದ್ದಾಯಿತು. ಎಂ.ಎ. ಮುಗಿಸಿದವರು ಕಿರುಪ್ರಬಂಧದಲ್ಲಿ ಕೈ ಪಳಗಿಸಿಕೊಂಡು ಮಹಾಪ್ರಬಂಧಕ್ಕೆ ಏರುತ್ತಿದ್ದ ಮೆಟ್ಟಿಲು ಅದಾಗಿತ್ತು. ಪಿಎಚ್.ಡಿ.ಗೆ ಮೊದಲು ಎರಡು ಸಂಕಿರಣಗಳಲ್ಲಿ ಪ್ರಬಂಧ ಮಂಡಿಸಬೇಕೆಂಬ 2016ರ ಕಡ್ಡಾಯವೂ ಅದೇ ನಿಯಮಾವಳಿಯಲ್ಲಿ ಸಡಿಲಗೊಂಡಿತು. ಆ ಕಡ್ಡಾಯ ಎಷ್ಟೋ ಕಡೆ ಬರಿಯ ಶಾಸ್ತ್ರಕ್ಕೆ ನಡೆಯುತ್ತಿದ್ದುದು ನಿಜ. ಆದರೆ ತೆರವಾದ ಸ್ಥಳದಲ್ಲಿ ಬೇರೇನನ್ನೂ ಕಟ್ಟದಿದ್ದರೆ ವಿದ್ಯಾರ್ಥಿಗೆ ಉಳಿಯುವುದು ತನ್ನ ಮೇಜು ಮತ್ತು ಒಬ್ಬ ಮಾರ್ಗದರ್ಶಕರು ಮಾತ್ರ.

ಕಾಲವೂ ಕಾಯುವುದಿಲ್ಲ. 1982ರ ಜವಳಿ ಗಿರಣಿ ಮುಷ್ಕರದ ನಂತರ ಗಿರಣಗಾಂವ್ ಚದುರಿತು. ಅಲ್ಲಿನ ಕಾರ್ಮಿಕರ ಮಾತುಗಳನ್ನು ಮೀನಾ ಮೆನನ್ ಮತ್ತು ನೀರಾ ಅಡಾರ್ಕರ್ ಇಂಗ್ಲಿಷಿನಲ್ಲಿ ಗ್ರಂಥರೂಪಕ್ಕೆ ತಂದದ್ದು 2004ರಲ್ಲಿ. ರಾತ್ರಿಶಾಲೆಯ ಬೆಂಚಿನಲ್ಲಿ ಕುಳಿತು ಕಲಿತವರಲ್ಲಿ ಇಂದು ಉಳಿದಿರುವವರು ವಯೋವೃದ್ಧರು. ಅವರನ್ನು ಏನು ಕೇಳಬೇಕು, ಕೇಳಿದ್ದನ್ನು ಹೇಗೆ ದಾಖಲಿಸಬೇಕು ಎಂಬುದನ್ನು ಸಂಶೋಧಕರು ಕೂಡಿ ಕಲಿಯಬೇಕಾದ ಹೊತ್ತು ಇದು.

ವರ್ಷಕ್ಕೆ ಎರಡು ಕಮ್ಮಟಗಳು ಸಾಕು. ಹೆಚ್ಚಿನ ಹಣವೂ ಬೇಡ. ಒಂದು ಕೊಠಡಿ, ಬರಹದ ಪ್ರತಿಗಳು, ಎರಡು ಹೊತ್ತಿನ ಚಹಾ ಇದ್ದರೆ ಆಯಿತು. ಕೊನೆಯ ಗೋಷ್ಠಿಯನ್ನಾದರೂ ವಿಭಾಗದ ಹೊರಗೆ, ಮಾಹಿತಿ ಕೊಟ್ಟ ಜನರ ನಡುವೆ ನಡೆಸಬೇಕು. ತಮ್ಮ ಮಾತು ಏನಾಯಿತು ಎಂದು ತಿಳಿಯುವ ಹಕ್ಕು ಅವರಿಗಿದೆ. ಅವರು 'ಹೀಗಲ್ಲ' ಎಂದು ತಿದ್ದಿದರೆ ಅದನ್ನೂ ಬರೆದುಕೊಳ್ಳಬೇಕು. ಒಪ್ಪುವುದು, ಬಿಡುವುದು ಆಮೇಲಿನ ವಿಚಾರ.