ಬಾಯಿ ಕಟ್ಟುವ ಪರೀಕ್ಷೆ

ಕಳೆದ ತಿಂಗಳು ನಮ್ಮ ಯಜಮಾನರ ಚಿಕ್ಕಪ್ಪನ ಮಗ ಹೊಸ ಮನೆ ಹೊಕ್ಕರು. ಪಂಕ್ತಿಯಲ್ಲಿ ಕುಳಿತಿದ್ದೆ. ಎಲೆಗೆ ಹೋಳಿಗೆ ಬಂದಾಗ ಕೈ ಅಡ್ಡ ಹಿಡಿದು 'ಬೇಡಪ್ಪ' ಎಂದೆ. ಬಡಿಸುವ ಹುಡುಗ ಮುಂದೆ ಹೋದ. ವಾವೆಯಲ್ಲಿ ನನಗೆ ನಾದಿನಿಯಾಗಬೇಕಾದ ಹೆಂಗಸೊಬ್ಬರು ಎದುರು ಸಾಲಿನಲ್ಲಿದ್ದರು. ಪಕ್ಕದವರ ಕಡೆ ತಿರುಗಿ, ನನಗೆ ಕೇಳಿಸಲೆಂದೇ ಹೇಳಿದರು: "ಟೀಚರಮ್ಮ ಹೊಟ್ಟೆ ಕೊಯ್ಸಿಕೊಳ್ಳೋಕೆ ಹೊರಟವ್ರೆ. ಹಿಂಗೆ ಬಾಯಿ ಕಟ್ಟೋಕೆ ಬರೋದಾದ್ರೆ ಕೊಯ್ಸಿಕೊಳ್ಳೋದು ಯಾಕೆ?"

ಅದಕ್ಕೂ ಒಂದು ತಿಂಗಳ ಹಿಂದೆ ಇನ್ನೊಂದು ಮದುವೆಯಲ್ಲಿ ನಾನು ಅರ್ಧ ಹೋಳಿಗೆ ತಿಂದಿದ್ದೆ. ಅಲ್ಲಿಯೂ ಇದೇ ಹೆಂಗಸು ಇದ್ದರು. ಅವತ್ತು ಅವರು ಅಂದದ್ದು, "ಒಂದು ಹೋಳಿಗೆ ಬಿಡೋಕಾಗ್ದೋರಿಗೆ ಲಕ್ಷಗಟ್ಟಲೆ ಸುರಿದು ಆಪರೇಷನ್ ಯಾಕೆ?"

ತಿಂದರೂ ತಪ್ಪು, ಬಿಟ್ಟರೂ ತಪ್ಪು. ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳಿಗೆ ಪ್ರಶ್ನೆಪತ್ರಿಕೆ ತೆಗೆದಿದ್ದೇನೆ. ಹೌದು ಎಂದರೂ ಸೊನ್ನೆ, ಅಲ್ಲ ಎಂದರೂ ಸೊನ್ನೆ ಬರುವ ಪ್ರಶ್ನೆಯನ್ನು ನಾನಂತೂ ತೆಗೆದಿಲ್ಲ.

ಓದುವ ಅಕ್ಕತಂಗಿಯರಿಗೆ ಮೊದಲು ನನ್ನ ಲೆಕ್ಕ ಒಪ್ಪಿಸಿಬಿಡುತ್ತೇನೆ. ವಯಸ್ಸು 54. ಎತ್ತರ 5 ಅಡಿ 1 ಅಂಗುಲ. ಜನವರಿಯಲ್ಲಿ ತೂಕ 107 ಕಿಲೋ. ಡಾಕ್ಟರುಗಳು ಹಾಕುವ ಬಿ.ಎಂ.ಐ. ಲೆಕ್ಕದಲ್ಲಿ 44.5. ಸಕ್ಕರೆ ಕಾಯಿಲೆ ಬಂದು 11 ವರ್ಷ, ಬಿ.ಪಿ. ಅದಕ್ಕಿಂತ ಹಳೆಯದು, ಎರಡೂ ಮಂಡಿ ಸವೆದಿವೆ. ನನ್ನ ಗೊರಕೆ ನಮ್ಮ ಮನೆಯಲ್ಲಿ ಬಹಳ ವರ್ಷ ನಗೆಯ ಸಾಮಾನಾಗಿತ್ತು. ಬೆಂಗಳೂರಿನಲ್ಲಿ ನಿದ್ದೆಯ ಪರೀಕ್ಷೆ ಮಾಡಿಸಿದಾಗ, ಆ ಗೊರಕೆಯ ನಡುವೆ ಉಸಿರೇ ಮತ್ತೆ ಮತ್ತೆ ನಿಂತುಹೋಗುತ್ತಿದೆ ಎಂದು ತಿಳಿಯಿತು. ಅವತ್ತಿನಿಂದ ಯಾರೂ ನಗುತ್ತಿಲ್ಲ. ಈಗ ರಾತ್ರಿ ಮೂಗಿಗೆ ಮುಖವಾಡ ಕಟ್ಟಿ, ಗಾಳಿ ಊದುವ ಯಂತ್ರದ ಜೊತೆ ಮಲಗುತ್ತೇನೆ.

ಬಾಯಿ ಕಟ್ಟುವುದು ನನಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ನಮ್ಮದು ಹೇಳಿಕೇಳಿ ತಿಪಟೂರು, ತೆಂಗಿನಕಾಯಿ ಇಲ್ಲದೆ ಸಾರಿಗೂ ಗೌರವವಿಲ್ಲದ ಊರು. ಅಲ್ಲಿದ್ದುಕೊಂಡು ಆರು ತಿಂಗಳು ಕಾಯಿ ಮುಟ್ಟದೆ ಇದ್ದವಳು ನಾನು. ನಿಂಬೆರಸ ಜೇನುತುಪ್ಪ ಕುಡಿದೆ. ಒಂದು ಬೇಸಿಗೆ ಪೂರ್ತಿ ಅನ್ನ ಬಿಟ್ಟೆ. ಸ್ಟಾಫ್ ರೂಮಿನಲ್ಲಿ ಡಬ್ಬ ಮಾರುತ್ತಿದ್ದ ಸಹೋದ್ಯೋಗಿಯಿಂದ ಪುಡಿ ಕೊಂಡು ರಾತ್ರಿ ಊಟಕ್ಕೆ ಬದಲು ಅದನ್ನೇ ಕದಡಿ ಕುಡಿದೆ. (ಅವರೂ ಈಗ ಆಪರೇಷನ್ ಅಡ್ಡದಾರಿ ಎನ್ನುತ್ತಾರೆ. ಡಬ್ಬ ಯಾವ ದಾರಿಯೋ!) ನಾಲ್ಕು ಸಲ ಹತ್ತು ಹತ್ತು ಕಿಲೋ ಇಳಿಸಿದ್ದೇನೆ. ನಾಲ್ಕು ಸಲವೂ ಅದು ಬಡ್ಡಿ ಸಮೇತ ಹಿಂದಿರುಗಿತು.

ಬಡ್ಡಿ ಏಕೆ ಸೇರುತ್ತದೆ ಎಂಬುದು ಈಗ ಗುಟ್ಟಿನ ಮಾತಲ್ಲ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಜಠರದಿಂದ ಹೊರಟು ಮಿದುಳಿಗೆ 'ಹಸಿವು, ಹಸಿವು' ಎಂದು ಸುದ್ದಿ ಮುಟ್ಟಿಸುವುದು ಅದರ ಕೆಲಸ. 2011ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. 50 ಮಂದಿ ಸ್ಥೂಲಕಾಯದವರಿಗೆ 10 ವಾರ ಕಟ್ಟುನಿಟ್ಟಿನ ಪಥ್ಯ ಮಾಡಿಸಿ ತೂಕ ಇಳಿಸಿದರು. ವರ್ಷ ಕಳೆದು ನೋಡಿದರೂ ಹಸಿವು ಹೆಚ್ಚಿಸುವ ಹಾರ್ಮೋನು ಏರಿಯೇ ಇತ್ತು, ಹೊಟ್ಟೆ ತುಂಬಿತೆಂದು ಹೇಳುವಂಥವು ಇಳಿದೇ ಇದ್ದವು. ಶರೀರ ಕಳೆದುಕೊಂಡದ್ದನ್ನು ಮರಳಿ ಪಡೆಯಲು ಹಟ ಹಿಡಿದು ಕೂತಿರುತ್ತದೆ. ಜಠರದ ಮುಕ್ಕಾಲು ಪಾಲು ತೆಗೆದು ಬಾಳೆಹಣ್ಣಿನಷ್ಟು ಉಳಿಸುವ ಶಸ್ತ್ರಚಿಕಿತ್ಸೆ ಅಷ್ಟರಮಟ್ಟಿಗೆ ಕೆಲಸ ಮಾಡುವುದು ಜಾಗ ಕಡಿಮೆಯಾಯಿತೆಂದು ಮಾತ್ರವಲ್ಲ. ಗ್ರೆಲಿನ್ ಹೆಚ್ಚಾಗಿ ಹುಟ್ಟುವ ಭಾಗವೂ ಅದರೊಂದಿಗೆ ಹೋಗುತ್ತದೆ.

ಇದನ್ನೆಲ್ಲ ಬಲ್ಲವರಾದರೂ ಬೇರೆ ಮಾತಾಡುತ್ತಾರೆಂದು ನಂಬಿದ್ದೆ. ಊರಿನ ಹಿರಿಯ ಡಾಕ್ಟರೊಬ್ಬರ ಬಳಿ ಹಳೆಯ ಕಾಗದಪತ್ರ ಕೇಳಲು ಹೋದೆ. "ಮೊದಲು ಹತ್ತು ಕಿಲೋ ಇಳಿಸಿ ತೋರಿಸಿ ಟೀಚರ್, ಇಚ್ಛಾಶಕ್ತಿ ಇದೆಯೋ ಇಲ್ಲವೋ ನೋಡೋಣ. ಆಮೇಲೆ ಆಪರೇಷನ್ ಮಾತು" ಎಂದರು. ತಲೆಯಾಡಿಸಿ ಬಂದೆ. ಪರೀಕ್ಷೆ ಎಂದ ಕೂಡಲೇ ತಲೆಯಾಡಿಸುವುದು ನನ್ನ ಜಾಯಮಾನ.

ಅಲ್ಲಿಯೇ ನಾನು ತಪ್ಪು ಮಾಡಿದ್ದು. ಬೆಂಗಳೂರಿನ ಸರ್ಜನ್ನರು ನನಗೆ ಎಂಟು ವಾರದ ತಯಾರಿ ಬರೆದುಕೊಟ್ಟಿದ್ದರು. ಮೊದಲ ಆರು ವಾರ ಊಟದ ರೀತಿ ಬದಲಿಸಿಕೊಳ್ಳುವುದು, ನಡೆಯುವುದು. ಕೊನೆಯ ಎರಡು ವಾರ ಮಾತ್ರ 800ರಿಂದ 1000 ಕ್ಯಾಲೊರಿಯ ಬಿಗಿ ಪಥ್ಯ. ಅದು ಶುರುವಾಗುವ ದಿನವೇ ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಅವರು ಇಳಿಸಿಕೊಡಬೇಕಿತ್ತು. ನಾನು ಯಾರಿಗೂ ಹೇಳದೆ ಮೂರನೆಯ ವಾರಕ್ಕೇ ಆ ಬಿಗಿ ಪಥ್ಯ ಹಿಡಿದೆ. ಹೆಚ್ಚು ಇಳಿಸಿ ತೋರಿಸಬೇಕಲ್ಲ! ಮಾತ್ರೆ ಮಾತ್ರ ಹಿಂದಿನಷ್ಟೇ ನುಂಗುತ್ತಿದ್ದೆ.

ನಾಲ್ಕನೆಯ ದಿನ, ಒಂಬತ್ತನೆಯ ತರಗತಿ, ಮೂರನೆಯ ಪೀರಿಯಡ್. ಬೋರ್ಡಿನ ಮೇಲೆ ಬರೆಯುತ್ತಿದ್ದ ಕೈ ನಡುಗಿತು. ಬೆನ್ನೆಲ್ಲ ಬೆವರು. ನಾನೇ ಬರೆದ ಅಕ್ಷರ ಎರಡೆರಡಾಗಿ ಕಂಡಿತು. ಮುಂದಿನ ಬೆಂಚಿನ ಹುಡುಗಿ ಓಡಿಬಂದು ಹಿಡಿದುಕೊಂಡಳು. ಯಾರ ಚೀಲದಲ್ಲೋ ಇದ್ದ ಚಾಕೊಲೇಟ್ ನನ್ನ ಬಾಯಿಗೆ ಬಂತು. ಪಿ.ಟಿ. ಮಾಸ್ತರು ತಮ್ಮ ಯಂತ್ರದಲ್ಲಿ ಬೆರಳು ಚುಚ್ಚಿ ನೋಡಿದರೆ ಸಕ್ಕರೆ 52. ಮಕ್ಕಳು ಆ ದಿನ ಗದ್ದಲವಿಲ್ಲದೆ ಕೂತಿದ್ದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಸರ್ಜನ್ನರಿಗೆ ಫೋನ್ ಮಾಡಿದೆ. ನನ್ನ ಮಗನ ವಯಸ್ಸಿಗಿಂತ ಸ್ವಲ್ಪ ಹೆಚ್ಚಿನವರು. ಎಲ್ಲ ಕೇಳಿಕೊಂಡು, "ಮೇಡಂ, ನಿಮ್ಮ ಹತ್ತಿರ ಅಂಕ ಕೇಳಿದ್ದು ಯಾರು?" ಎಂದರು. ಉತ್ತರ ತೋಚಲಿಲ್ಲ.

ಆ ಒಂದು ಮಾತಿನಿಂದ ಈ ಲೇಖನ ಹುಟ್ಟಿದೆ. ಶಸ್ತ್ರಚಿಕಿತ್ಸೆಗೆ ಮುಂಚಿನ ತಯಾರಿ ಎಂಬುದು ಹೆಂಗಸಿನ ಗುಣನಡತೆಗೆ ಇಟ್ಟ ಪರೀಕ್ಷೆಯಲ್ಲ. ಅದು ಲಿವರಿಗಾಗಿ, ಶ್ವಾಸಕೋಶಕ್ಕಾಗಿ, ಮುಂದಿನ ಊಟಕ್ಕಾಗಿ. ನನ್ನಂಥವರ ಲಿವರಿನಲ್ಲಿ ಕೊಬ್ಬು ಸೇರಿ ಅದು ದಪ್ಪವಾಗಿರುತ್ತದೆ. ಅದರ ಎಡಭಾಗ ಸರಿಯಾಗಿ ಜಠರದ ಮೇಲೆ ಮುಚ್ಚಿಕೊಂಡಿರುತ್ತದೆ. ನಾಲ್ಕೈದು ಸಣ್ಣ ತೂತುಗಳಿಂದ ಕೆಲಸ ಮಾಡುವ ಸರ್ಜನ್ ಅದನ್ನು ಎತ್ತಿ ಹಿಡಿದೇ ಒಳಗೆ ನೋಡಬೇಕು. ಎರಡು ವಾರ ಅನ್ನ, ಮುದ್ದೆ, ಸಿಹಿ ಇಳಿಸಿದರೆ ಲಿವರು ಕುಗ್ಗಿ ಮೆತ್ತಗಾಗುತ್ತದೆ, ಅವರ ಕೈಗೆ ಜಾಗ ಸಿಗುತ್ತದೆ. ನಡಿಗೆ, ಮತ್ತು ಮೂರು ಚೆಂಡಿರುವ ಪ್ಲಾಸ್ಟಿಕ್ ಸಾಧನದಲ್ಲಿ ಉಸಿರೆಳೆದು ಚೆಂಡು ಎತ್ತುವ ಅಭ್ಯಾಸ, ಇವು ಅರಿವಳಿಕೆಯ ನಂತರ ಎದೆಯಲ್ಲಿ ಕಫ ಕಟ್ಟದಿರಲಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ, ಬೇಗ ಎದ್ದು ಓಡಾಡುವಂತಾಗಲಿ ಎಂದು.

ಅಗಿಯುವ ಪಾಠ ಇನ್ನೊಂದು. ಪ್ರತಿ ತುತ್ತನ್ನೂ ಇಪ್ಪತ್ತು ಸಲ ಅಗಿಯಬೇಕು, ಊಟದ ನಡುವೆ ನೀರು ಕುಡಿಯಬಾರದು, ಅರ್ಧ ಗಂಟೆ ತಡೆಯಬೇಕು. ಮುದ್ದೆಯನ್ನು ಅಗಿದರೆ ಪಟ್ಟಣದವರೆಂದು ನಗುವ ಸೀಮೆಯವಳು ನಾನು. ಐವತ್ತು ವರ್ಷ ನುಂಗಿದ ಗಂಟಲಿಗೆ ಅಗಿಯುವುದನ್ನು ಕಲಿಸುವುದಿದೆಯಲ್ಲ, ಒಂದನೆಯ ತರಗತಿಗೆ 'ಅ' ಕಲಿಸಿದಷ್ಟೇ ತಾಳ್ಮೆ ಬೇಕು. ಇದನ್ನು ಮೊದಲೇ ಕಲಿಯದಿದ್ದರೆ ಆಮೇಲಿನ ಚಿಕ್ಕ ಹೊಟ್ಟೆ ಕಲಿಸುತ್ತದೆ, ವಾಂತಿ ಮಾಡಿಸಿ.

ಇದರಲ್ಲಿ ಎಲ್ಲಿ ಬಂತು ಇಚ್ಛಾಶಕ್ತಿಯ ಪ್ರದರ್ಶನ? ಅಮೆರಿಕದಲ್ಲಿ ಇಂಥ ಶಸ್ತ್ರಚಿಕಿತ್ಸೆ ಮಾಡುವವರ ಸಂಘ 2016ರಲ್ಲಿ ಲಿಖಿತವಾಗಿಯೇ ಹೇಳಿದೆ: ವಿಮಾ ಕಂಪನಿಗಳು ಆಪರೇಷನ್ನಿಗೆ ಮುಂಚೆ ಕಡ್ಡಾಯ ಮಾಡುವ ತೂಕ ಇಳಿಕೆಗೆ ವೈಜ್ಞಾನಿಕ ಆಧಾರವಿಲ್ಲ. ನಮ್ಮ ದೇಶದ ಕಥೆ ಇನ್ನೂ ಸ್ವಾರಸ್ಯ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹಾಕಿಕೊಟ್ಟ ನಿಯಮದಲ್ಲಿ ಬಿ.ಎಂ.ಐ. 40, ಅಥವಾ ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥ ತೊಂದರೆಗಳಿದ್ದರೆ 35, ಎಂಬ ಗೆರೆಯ ಜೊತೆಗೆ, ಬೇರೆ ಸೌಮ್ಯ ವಿಧಾನಗಳು ಸೋತಿರಬೇಕು ಎಂಬ ಮಾತೂ ಇದೆ. ವಿಮೆಯವರಿಗೆ ನಾನು ಸೋತಿದ್ದೇನೆಂದು ತೋರಿಸಬೇಕು. ನೆಂಟರಿಗೆ ಗೆಲ್ಲಬಲ್ಲೆನೆಂದು ತೋರಿಸಬೇಕು. ಒಂದೇ ಹೊಟ್ಟೆಯಲ್ಲಿ ಎರಡನ್ನೂ ಹೇಗೆ ತೋರಿಸುವುದು?

ನಮ್ಮ ಭಾವನವರಿಗೆ 2011ರಲ್ಲಿ ಹೃದಯದ ಬೈಪಾಸ್ ಆಯಿತು. ಮೂವತ್ತು ವರ್ಷ ಸಿಗರೇಟು ಸೇದಿದವರು. ಡಾಕ್ಟರು ಬಿಡಿ ಎಂದರು, ಬಿಟ್ಟರು, ಸರಿ. ಆದರೆ 'ಆರು ತಿಂಗಳು ಬಿಟ್ಟು ತೋರಿಸಿ, ಯೋಗ್ಯತೆ ಇದೆಯೋ ನೋಡೋಣ' ಎಂದು ಅವರಿಗೆ ಯಾರೂ ಹೇಳಲಿಲ್ಲ. ಮೂಸಂಬಿ ಹಿಡಿದುಕೊಂಡು ಊರೇ ಬಂತು. ಒಂದು ವರ್ಷ ಇಡೀ ಕುಟುಂಬಕ್ಕೆ ಎಣ್ಣೆ ಇಳಿಸಿ ಅಡುಗೆ ಮಾಡಿದೆವು. ಅದು ಕಾಯಿಲೆ, ನನ್ನದು ಮಾತ್ರ ಬಾಯಿಚಪಲ!

ಎಣ್ಣೆಯ ಮಾತು ಬಂತಲ್ಲ, ಅಡುಗೆಮನೆಗೆ ಬರುತ್ತೇನೆ. ತಯಾರಿಯ ನಿಜವಾದ ಜಗಳ ಇರುವುದು ಅಲ್ಲಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಎಂದು ಪಥ್ಯ ಬರೆದುಕೊಟ್ಟ ಹುಡುಗಿ ಹೇಳಿದಳು. ಮೊಟ್ಟೆ ನಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ. ಹಾಗಾದರೆ ಒಂದು ಲೋಟ ಹಾಲಿಗೆ 6 ಗ್ರಾಂ, 100 ಗ್ರಾಂ ಪನೀರಿಗೆ 18, ಒಂದು ಬಟ್ಟಲು ಗಟ್ಟಿ ಬೇಳೆಗೆ 7 ಎಂದು ಕೂಡಿಸುತ್ತಾ ಬಂದಳು. ಗಟ್ಟಿ ಬೇಳೆ ಎಂದಾಗ ನಾನು ಸುಮ್ಮನಾದೆ. ನಮ್ಮಲ್ಲಿ ಸೌಟನ್ನು ತಳಕ್ಕೆ ಇಳಿಸಿ ಕಾಳು ಮೊಗೆದು ಬಡಿಸುವುದು ಗಂಡನಿಗೆ, ಮಗನಿಗೆ, ಬಂದವರಿಗೆ. ಕೊನೆಗೆ ಕೂರುವವಳಿಗೆ ಉಳಿಯುವುದು ತಿಳಿ. ತಿಳಿಗೆ ಹೊಟ್ಟೆ ತುಂಬದು, ಅದಕ್ಕೆ ಇನ್ನೆರಡು ಹಿಡಿ ಅನ್ನ. ಮೇಲೆ, ಅನ್ನ ಚೆಲ್ಲಬಾರದೆಂದು ಪಾತ್ರೆಯಲ್ಲಿ ಮಿಕ್ಕದ್ದು. ಬೆಳಿಗ್ಗೆ ತಂಗಳನ್ನಕ್ಕೆ ಒಗ್ಗರಣೆ ಹಾಕಿದರೆ ಅದೂ ಅವಳಿಗೇ. ಈ 107 ಕಿಲೋದಲ್ಲಿ ಎಷ್ಟು ಕಿಲೋ ಹೋಳಿಗೆ, ಎಷ್ಟು ಕಿಲೋ 'ಚೆಲ್ಲಬಾರದು' ಎಂದು ತೂಗಿ ಹೇಳುವ ತಕ್ಕಡಿ ಇದ್ದಿದ್ದರೆ ಚೆನ್ನಾಗಿತ್ತು.

ಈಗ ಮೊದಲು ನನ್ನ ಬಟ್ಟಲಿಗೆ ಕಾಳು ಬಡಿಸಿಕೊಳ್ಳುತ್ತೇನೆ. ಮೊದಲ ದಿನ ಕಳ್ಳತನ ಮಾಡಿದಂತೆ ಕೈ ಹಿಂಜರಿಯಿತು. ಮಿಕ್ಕ ಅನ್ನ ಬೀದಿಯ ಹಸುವಿಗೆ. ಕೊನೆಯ ಎರಡು ವಾರ ಮನೆಯಲ್ಲಿ ಬಾಣಲೆ ಇಡುವುದಿಲ್ಲ ಎಂದಾಗ ಅತ್ತೆ, "ಒಬ್ಬಳಿಗೋಸ್ಕರ ಮನೆಮಂದಿಯೆಲ್ಲ ಉಪವಾಸ ಬೀಳಬೇಕೇನಮ್ಮ?" ಎಂದರು. ಅವರಿಗೆ 81. ಎದುರಾಡಬಾರದೆಂದುಕೊಂಡೂ ಆಡಿದೆ. "ನಿಮ್ಮ ಬಿ.ಪಿ.ಗೆ ಹದಿನೈದು ವರ್ಷದಿಂದ ಉಪ್ಪು ಕಡಿಮೆ ಹಾಕ್ತಿದ್ದೀನಿ, ಮಾವನವರ ಹೊಟ್ಟೆ ಹುಣ್ಣಿಗೆ ಖಾರ ಬಿಟ್ಟಿದ್ದೆ. ಅದನ್ನ ಯಾರೂ ಉಪವಾಸ ಅನ್ಲಿಲ್ಲವಲ್ಲ ಅತ್ತೆ?" ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಹುರುಳಿಕಾಳು ಬಸಿದು, ಕಟ್ಟಿನ ಸಾರು ಅವರೇ ಮಾಡಿದರು. ನನ್ನ ಮೇಲಿನ ಮಮತೆಗೋ, ನನ್ನ ಸಾರು ಸಪ್ಪೆಯೆಂದೋ, ಕೇಳಲು ಹೋಗಲಿಲ್ಲ.

ಇನ್ನು ನಡಿಗೆ. 'ದಿನಕ್ಕೆ ಅರ್ಧ ಗಂಟೆ ನಡೆಯೋಕೆ ಏನು ಕಷ್ಟ' ಎನ್ನುವವರು ಬೆಳಗಿನ ಐದೂವರೆಯಿಂದ ಎಂಟರವರೆಗೆ ನಮ್ಮ ಅಡುಗೆಮನೆಯಲ್ಲಿ ನಿಂತು ಆ ಅರ್ಧ ಗಂಟೆಯನ್ನು ಹುಡುಕಿಕೊಡಲಿ. ನಮ್ಮ ಯಜಮಾನರು ಕಾಫಿ ಕಾಯಿಸಿ, ಕುಕ್ಕರ್ ಇಡಲು ಒಪ್ಪಿದ ಮೇಲೆಯೇ ನನಗೆ ಆ ಅರ್ಧ ಗಂಟೆ ಸಿಕ್ಕಿದ್ದು. ಮೊದಲ ವಾರ ಬೇಳೆ ತಳ ಹಿಡಿಯಿತು, ಇರಲಿ. ಸೀರೆ ಎತ್ತಿ ಕಟ್ಟಿ, ಮಗನ ಹಳೆಯ ಬೂಟು ಹಾಕಿಕೊಂಡು ಕಾಲೇಜು ಮೈದಾನಕ್ಕೆ ಹೋದೆ. ಮಂಡಿ ನೋವಿಗೆ ಹನ್ನೆರಡು ನಿಮಿಷವೂ ಆಗಲಿಲ್ಲ. ಈಗ ಮೂವತ್ತೈದು ನಿಮಿಷ. ಹಿಂದಿನಿಂದ ಕೂಗಿದ ಹುಡುಗರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳೇ. ತಿರುಗಿ ನೋಡಿದೆ, ಸೈಕಲ್ ಹತ್ತಿ ಪರಾರಿ.

ಪತ್ರಿಕೆಯೊಳಗೆ ಬಣ್ಣದ ಚೀಟಿ ಇಟ್ಟು, ಬನ್ನಿ, ಮಲಗಿ, ತೆಳ್ಳಗಾಗಿ ಎದ್ದು ಹೋಗಿ ಎನ್ನುವವರ ಪರವಾಗಿ ನಾನು ವಾದಿಸುತ್ತಿಲ್ಲ. ತಯಾರಿ ಮಾಡಿಸದ, ರಕ್ತ, ನಿದ್ದೆ, ಮನಸ್ಸು ಯಾವುದನ್ನೂ ಪರೀಕ್ಷಿಸದ ಆಸ್ಪತ್ರೆಯ ಮೆಟ್ಟಿಲು ಹತ್ತಬೇಡಿ. ಬದುಕಿರುವಷ್ಟು ದಿನ ವಿಟಮಿನ್ ಗುಳಿಗೆ, ವರ್ಷವರ್ಷ ರಕ್ತಪರೀಕ್ಷೆ ಎಂಬುದನ್ನು ಮುಚ್ಚಿಡುವವರನ್ನೂ ನಂಬಬೇಡಿ. ಜಿ.ಪಿ.ಎಫ್.ನಿಂದ ಸಾಲ ತೆಗೆದಿದ್ದೇನೆ, ಹೆದರಿಕೆಯೂ ಇದೆ. ಅಡ್ಡದಾರಿಯಲ್ಲಿ ನಡೆಯುವವಳು ಬೆಳಿಗ್ಗೆ ಐದೂವರೆಗೆ ಏಳುವುದಿಲ್ಲ.

ಬರುವ 19ಕ್ಕೆ ಆಪರೇಷನ್. ಮೊನ್ನೆ ಕೊನೆಯ ತಪಾಸಣೆಗೆ ಬೆಂಗಳೂರಿಗೆ ಹೋಗಿದ್ದೆ. ತೂಕ 99. ಸರ್ಜನ್ನರು ಆ ಅಂಕಿಯನ್ನು ಬರೆದುಕೊಂಡರು, ಅಷ್ಟೆ. ಲಿವರಿನ ಸ್ಕ್ಯಾನ್ ಮಾತ್ರ ಎರಡು ಸಲ ನೋಡಿದರು, ಚೆಂಡು ಊದುವ ಸಾಧನವನ್ನು ಕೈಗೆ ಕೊಟ್ಟು ಎಳೆಯಿರಿ ಎಂದರು.

ರಾತ್ರಿ ಊರಿಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಆ ನಾದಿನಿಯ ಫೋನು. "ಎಷ್ಟು ಇಳೀತಂತೆ?"

"ಮೂರೂ ಚೆಂಡು ಮೇಲೆ ಬಂದು ನಿಂತ್ವು" ಎಂದೆ.

"ಏನು?"

ವಿವರಿಸಲು ಹೊತ್ತಿರಲಿಲ್ಲ. ನಾಳೆಗೆ ಹೆಸರುಕಾಳು ನೆನೆಹಾಕುವುದಿತ್ತು.