ಒಂದು ವಚನ ಸಾಲದು, ಇಡೀ ಅಧ್ಯಾಯ ಓದೋಣ

ಕ್ಯಾಂಪಸ್ ಪ್ಲೇಸ್‌ಮೆಂಟ್ ಶುರುವಾಯಿತೆಂದರೆ ನನ್ನ ಕ್ರೈಸ್ತ ಗೆಳೆಯರ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ಒಂದೇ ವಚನ: ಯೆರೆಮೀಯ 29:11. ಒಳ್ಳೆಯ ಭವಿಷ್ಯ ಕೊಡುತ್ತೇನೆ ಎಂದು ದೇವರು ಭರವಸೆ ಹೇಳುವ ವಚನವದು. ಹಿಂದೆ ಸೂರ್ಯೋದಯದ ಚಿತ್ರ ಬೇರೆ. ಅದನ್ನು ನೋಡಿಕೊಂಡು ಆಪ್ಟಿಟ್ಯೂಡ್ ಟೆಸ್ಟ್‌ಗೆ ಹೋಗುವುದಕ್ಕೂ ದಿನಭವಿಷ್ಯ ನೋಡಿ ಮನೆ ಬಿಡುವುದಕ್ಕೂ ನನಗಂತೂ ವ್ಯತ್ಯಾಸ ಕಾಣುವುದಿಲ್ಲ.

ದಟ್ಟಗಳ್ಳಿಯ ನಮ್ಮ ಮನೆಯಲ್ಲಿ ಕ್ರಮ ಬೇರೆ. ಬೆಳಿಗ್ಗೆ ಬಸ್ ಹಿಡಿಯುವ ಮೊದಲು ಸತ್ಯವೇದದ ಮೂರು ಅಧ್ಯಾಯ, ನಿನ್ನೆ ನಿಲ್ಲಿಸಿದಲ್ಲಿಂದ. ನಾವು ಓದುವ ಬೈಬಲಿನಲ್ಲಿ 66 ಪುಸ್ತಕ, 1,189 ಅಧ್ಯಾಯಗಳಿವೆ (ಕ್ಯಾಥೊಲಿಕರದ್ದರಲ್ಲಿ 73 ಪುಸ್ತಕ). ದಿನಕ್ಕೆ ಮೂರು, ಭಾನುವಾರ ಐದು ಓದಿದರೆ ವರ್ಷಕ್ಕೆ ಮುಗಿಯುತ್ತದೆ. ಇಂಥ ಲೆಕ್ಕ ಹೊಸದಲ್ಲ. ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಮರ್ರೆ ಮೆಕ್‌ಶೇನ್ 1842ರಲ್ಲೇ ತಮ್ಮ ಸಭೆಯವರಿಗೆ ವರ್ಷದ ಓದಿನ ಪಟ್ಟಿ ಮಾಡಿಕೊಟ್ಟಿದ್ದರು. ಅದು ಈಗ ಮೊಬೈಲ್ ಆ್ಯಪ್‌ಗಳಲ್ಲೂ ಸಿಗುತ್ತದೆ.

ಸಾಲಾಗಿ ಓದುವಾಗ ಬೇಕಾದ್ದನ್ನಷ್ಟೇ ಆರಿಸಿಕೊಳ್ಳಲು ಆಗುವುದಿಲ್ಲ. ಯಾಜಕಕಾಂಡದ ಬಲಿ ನಿಯಮಗಳೂ ಬರುತ್ತವೆ. ಅಲ್ಲಿ ಆಕಳಿಕೆಯೂ ಬರುತ್ತದೆ, ಥರ್ಮೋಡೈನಮಿಕ್ಸ್ ನೋಟ್ಸ್ ಓದುವಾಗ ಬಂದಂತೆ. ಮುಂದೆ ಯೋಬನ ಕಥೆ. ಎಲ್ಲ ಕಳೆದುಕೊಂಡು ಕೂತವನಿಗೆ, ‘ನೀನೇ ಏನೋ ತಪ್ಪು ಮಾಡಿರಬೇಕು’ ಎಂದು ಗೆಳೆಯರು ವಾದಿಸುತ್ತಾರೆ. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ! ಇಂಟರ್‌ವ್ಯೂನಲ್ಲಿ ಆಯ್ಕೆಯಾಗದವರಿಗೆ ‘ನಿನ್ನ ತಯಾರಿ ಸಾಲದು’ ಎನ್ನುವ ನೆಂಟರಿಗೆ ಇದನ್ನು ಓದಿಸಬೇಕು.

ಇನ್ನು ಆ ಯೆರೆಮೀಯ 29. ಅದೊಂದು ಪತ್ರ. ಬಾಬಿಲೋನಿಗೆ ಸೆರೆಯಾಗಿ ಹೋದವರಿಗೆ ಪ್ರವಾದಿ ಜೆರುಸಲೇಮಿನಿಂದ ಬರೆದದ್ದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮದುವೆಯಾಗಿ, ಆ ಪರಊರಿನ ಒಳಿತಿಗೂ ಪ್ರಾರ್ಥಿಸಿ, ಸುಳ್ಳು ಪ್ರವಾದಿಗಳ ಮಾತು ಕೇಳಬೇಡಿ ಎನ್ನುತ್ತದೆ. ಹತ್ತನೆಯ ವಚನದಲ್ಲಿ ಅವಧಿಯೂ ಇದೆ: 70 ವರ್ಷ. ಅಂದರೆ ಪತ್ರ ಕೇಳಿಸಿಕೊಂಡ ನಡುವಯಸ್ಸಿನವರ ಪಾಲಿಗೆ ಊರು ಕಾಣುವವರು ಮಕ್ಕಳು, ಮೊಮ್ಮಕ್ಕಳು. ಈ ಹತ್ತನೆಯ ವಚನವನ್ನು ಸ್ಟೇಟಸ್‌ಗೆ ಹಾಕಿದವರನ್ನು ನಾನು ಇನ್ನೂ ನೋಡಿಲ್ಲ.

ಭರವಸೆ ಸುಳ್ಳೆಂದು ಹೇಳುತ್ತಿಲ್ಲ, ನಾನೂ ನಂಬುತ್ತೇನೆ. ಆದರೆ ಅದು ಏಳನೇ ಸೆಮಿಸ್ಟರ್‌ನ ಆಫರ್ ಲೆಟರ್ ಅಲ್ಲ. ಹಾಗೆಂದುಕೊಂಡಿದ್ದ ಸೀನಿಯರ್ ಒಬ್ಬರು ಕೆಲಸ ಸಿಗದಿದ್ದಾಗ ಚರ್ಚಿಗೆ ಬರುವುದನ್ನೇ ಬಿಟ್ಟರು. ಅವರಿಗೆ ನಂಬಿಕೆ ಕಡಿಮೆ ಎಂದು ಕೆಲವರು ಆಡಿಕೊಂಡರು. ನನಗೆ ಹಾಗನ್ನಿಸುವುದಿಲ್ಲ. ಅವರಿಗೆ ಎಲ್ಲರೂ ಫಾರ್ವರ್ಡ್ ಮಾಡಿದ್ದು ಒಂದೇ ವಚನ, ಉಳಿದ ಪತ್ರವನ್ನು ಯಾರೂ ಓದಿ ಹೇಳಿರಲಿಲ್ಲ.

ಪರೀಕ್ಷೆ ಸಮಯದಲ್ಲಿ ಮೂರು ಅಧ್ಯಾಯ ಆಗದಿದ್ದರೆ ಒಂದನ್ನೇ ಓದಿ, ಆದರೆ ಪೂರ್ತಿ ಓದಿ. 29ನೆಯ ಅಧ್ಯಾಯದಲ್ಲಿ ಇರುವುದು 32 ವಚನ. ಬಸ್ ಬರುವುದರೊಳಗೆ ಮುಗಿಯುತ್ತದೆ.