ಮೊದಲ ಪ್ರಶ್ನೆ ಯಾರಿಗೆ?

ಸಂಘದ ಸಭೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಅವಳು ಮೈತುಂಬ ಬಟ್ಟೆ ಹಾಕಿಕೊಂಡಿದ್ದರೆ ಹೀಗಾಗುತ್ತಿತ್ತೇ?" ಹೀಗೆ ಕೇಳುವವರು ಕೆಟ್ಟವರಲ್ಲ. ಹೆಣ್ಣುಮಕ್ಕಳನ್ನು ಹೆತ್ತ ತಾಯಂದಿರು ಭಯದಿಂದ ಆಡುವ ಮಾತು ಅದು. ಆದರೆ ಆ ಮಾತು ನಿಜವೇ?

1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೇ ಮಥುರಾ ಎಂಬ ಆದಿವಾಸಿ ಹುಡುಗಿ ತನ್ನ ಮೇಲೆ ಅತ್ಯಾಚಾರ ನಡೆಯಿತೆಂದು ದೂರಿದಳು. ಆಕೆ ಕೂಲಿ ಮಾಡಿ ಬದುಕುತ್ತಿದ್ದವಳು. ಅಲ್ಲಿ ಉಡುಪಿನ ಮಾತೇ ಇರಲಿಲ್ಲ. ಆದರೂ ಮೈಮೇಲೆ ಗಾಯವಿಲ್ಲ ಎಂಬುದನ್ನು ಮುಂದುಮಾಡಿ 1978ರಲ್ಲಿ ಸರ್ವೋಚ್ಚ ನ್ಯಾಯಾಲಯ ಇಬ್ಬರು ಪೊಲೀಸರನ್ನು ಖುಲಾಸೆ ಮಾಡಿತು. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ನ್ಯಾಯಾಲಯಕ್ಕೆ ಬಹಿರಂಗ ಪತ್ರ ಬರೆದರು. ಮಹಿಳೆಯರು ಬೀದಿಗಿಳಿದರು. ಅದರ ಫಲವಾಗಿ 1983ರಲ್ಲಿ ಕಾನೂನು ಬದಲಾಯಿತು.

ಕಾನೂನು ಬದಲಾದರೂ ಮನಸ್ಸು ಬದಲಾಗಲಿಲ್ಲ. 2022ರಲ್ಲಿ ಕೇರಳದ ಕೋಳಿಕ್ಕೋಡ್ ಸೆಷನ್ಸ್ ನ್ಯಾಯಾಲಯ, ದೂರು ಕೊಟ್ಟವಳ ಉಡುಪೇ ಪ್ರಚೋದಕವಾಗಿತ್ತೆಂದು ಜಾಮೀನು ಆದೇಶದಲ್ಲಿ ಬರೆಯಿತು. ಅದೇ ವರ್ಷ ಕೇರಳ ಹೈಕೋರ್ಟ್ ಆ ಮಾತನ್ನು ತೆಗೆದುಹಾಕಿತು.

ಇನ್ನೊಂದು ಸಂಗತಿ. ದೇಶದಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಪ್ರಕರಣಗಳ ಆರೋಪಿ ಪರಿಚಿತನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ಹೇಳುತ್ತವೆ. ನೆರೆಯವನು, ನೆಂಟ, ಗೆಳೆಯ. ನಾವು ಮಗಳ ಬಟ್ಟೆಯನ್ನು ನೋಡುತ್ತಿರುವಾಗ, ಅಪಾಯ ನಮ್ಮ ಪಡಸಾಲೆಯಲ್ಲೇ ಕಾಫಿ ಕುಡಿಯುತ್ತಿರಬಹುದು.

ಹಾಗಾದರೆ ಮಗಳಿಗೆ ಜಾಗ್ರತೆ ಹೇಳಬಾರದೇ? ಹೇಳೋಣ. ಕಳ್ಳರ ಭಯಕ್ಕೆ ಬೀಗ ಹಾಕುತ್ತೇವೆ. ಆದರೆ ಬೀಗ ಮರೆತ ಮನೆಗೆ ಕಳ್ಳ ನುಗ್ಗಿದರೆ ಜೈಲಿಗೆ ಹೋಗಬೇಕಾದವನು ಕಳ್ಳನೇ, ಮನೆಯಾಕೆಯಲ್ಲ. ಮುಂಚೆ ಹೇಳುವ ಬುದ್ಧಿಮಾತು ಬೇರೆ, ಆಮೇಲೆ ಹೊರಿಸುವ ತಪ್ಪು ಬೇರೆ.

ಈ ಪ್ರಶ್ನೆ ನಮಗೆ ಹೊಸದೂ ಅಲ್ಲ. ಗಂಡ ಹೊಡೆದಾಗ "ನೀನೇನು ಮಾಡಿದೆ?" ಎಂದು ಕೇಳುತ್ತಾರೆ. ವರದಕ್ಷಿಣೆಗಾಗಿ ಸೊಸೆ ಸುಟ್ಟು ಸತ್ತಾಗ "ಅವಳೇ ಹೊಂದಿಕೊಳ್ಳಲಿಲ್ಲ" ಎನ್ನುತ್ತಾರೆ. ಪ್ರತಿ ಸಲವೂ ಕಟಕಟೆಯಲ್ಲಿ ನಿಲ್ಲುವವಳು ನೊಂದ ಹೆಣ್ಣೇ.

ಸಹೋದರಿಯರೇ, ನಿಮ್ಮ ಬಳಿ ಒಬ್ಬ ಹುಡುಗಿ ಅಳುತ್ತ ಬಂದರೆ "ಏನು ಉಟ್ಟಿದ್ದೆ?" ಎಂದು ಕೇಳಬೇಡಿ. ಹಾಗೆ ಕೇಳಿದರೆ ಅವಳು ಮತ್ತೆಂದೂ ಬಾಯಿ ಬಿಡಲಾರಳು. ಅವಳ ಜೊತೆ ಆಸ್ಪತ್ರೆಗೆ ಹೋಗಿ. ಸರ್ಕಾರಿ ಇರಲಿ, ಖಾಸಗಿ ಇರಲಿ, ಉಚಿತ ಚಿಕಿತ್ಸೆ ಕೊಡುವುದು ಅವರ ಕರ್ತವ್ಯ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ನಮ್ಮ ಸರಹದ್ದಲ್ಲ ಎಂದು ಅವರು ವಾಪಸು ಕಳಿಸುವಂತಿಲ್ಲ. ಎದುರಿಸಿ ಹೋರಾಡಲಿಲ್ಲ ಎಂದ ಮಾತ್ರಕ್ಕೆ ಅದು ಒಪ್ಪಿಗೆಯಾಗದು ಎಂದು 2013ರಿಂದ ಕಾನೂನೇ ಹೇಳಿದೆ. ಸಹಾಯಕ್ಕೆ 181 ಅಥವಾ 112ಕ್ಕೆ ಫೋನ್ ಮಾಡಿ.

ಮೊದಲ ಪ್ರಶ್ನೆ ಅವನಿಗಿರಲಿ: "ನೀನು ಮಾಡಿದ್ದೇನು?"